ತೋಟಾ ತುಂಬುವ ಮೇಜು: ಅಡಕತ್ತರಿಯಂಥ ಉಪಕರಣದಿಂದ ಗ್ಯಾರೇಜಿನವರೆಗೆ

ಶಾಲೆಯ ಇತಿಹಾಸದ ಪುಸ್ತಕದಲ್ಲಿ ತೋಟಾ ಒಂದೇ ಸಲ ಬರುತ್ತದೆ, 1857ರ ಪಾಠದಲ್ಲಿ. ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ದನದ ಕೊಬ್ಬು, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಹಬ್ಬಿತು, ಸಿಪಾಯಿಗಳು ತಿರುಗಿಬಿದ್ದರು. ಆ ತೋಟಾ ಕಾಗದದ್ದು. ಒಳಗೆ ಅಳೆದಿಟ್ಟ ಮದ್ದು, ಒಂದು ಸೀಸದ ಗುಂಡು, ಅಷ್ಟೆ. ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡು ತುರುಕಬೇಕಿತ್ತು.

ಅದಾದ ಹತ್ತೇ ವರ್ಷಗಳಲ್ಲಿ ಕಾಗದ ಹೋಗಿ ಹಿತ್ತಾಳೆ ಬಂತು. ಹಿತ್ತಾಳೆ ಬಂದಾಗ ಹೊಸ ಪ್ರಶ್ನೆಯೊಂದು ಎದ್ದಿತು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಚಿಪ್ಪನ್ನು ಎಸೆಯಬೇಕೆ, ಮತ್ತೆ ತುಂಬಬೇಕೆ? ಅಮೆರಿಕದ ಜನ ಮತ್ತೆ ತುಂಬಿದರು. ಮೊದಲು ಕಾಡಿನಲ್ಲಿ ಬೆಂಕಿಯ ಪಕ್ಕ ಕೂತು ತುಂಬಿದರು, ಆಮೇಲೆ ಮನೆಯ ಗ್ಯಾರೇಜಿನಲ್ಲಿ ಗಟ್ಟಿ ಮೇಜು ಹಾಕಿಕೊಂಡು ತುಂಬಿದರು. ಆ ಮೇಜು ಯಾಕೆ ಬಂತು, ಅದರ ಮೇಲೆ ಅಷ್ಟೊಂದು ಶಿಸ್ತು ಯಾಕೆ ಬೇಕಾಯಿತು ಎಂಬುದೇ ನಾವು ಇಲ್ಲಿ ಹೇಳಹೊರಟಿರುವ ಕಥೆ.

ಇಂಥ ಮೇಜುಗಳ ವಿಡಿಯೊಗಳು ಈಗ ನಮ್ಮ ಹಳ್ಳಿಗಳ ಫೋನಿಗೂ ಬರುತ್ತಿವೆ. ಆದ್ದರಿಂದ ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಇಲ್ಲಿರುವುದು ಇತಿಹಾಸ, ಮಾಡುವ ವಿಧಾನವಲ್ಲ. ಕಾನೂನಿನ ವಿವರ ಕೊನೆಯಲ್ಲಿದೆ.

ಒಂದು ತೂತು, ಎರಡು ತೂತು

ಹಿತ್ತಾಳೆ ತೋಟಾದಲ್ಲಿ ನಾಲ್ಕು ಭಾಗ: ಚಿಪ್ಪು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಕೋವಿಯ ಸೂಜಿ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ಮದ್ದಿಗೆ ತಾಗುತ್ತದೆ, ಮದ್ದು ಉರಿದು ಅನಿಲವಾಗಿ ಗುಂಡನ್ನು ನೂಕುತ್ತದೆ. ಗುಂಡು, ಮದ್ದು, ಕೇಪು ಮೂರೂ ಖರ್ಚಾಗುತ್ತವೆ. ಹಿತ್ತಾಳೆ ಚಿಪ್ಪು ಮಾತ್ರ ಸ್ವಲ್ಪ ಉಬ್ಬಿಕೊಂಡು ಉಳಿಯುತ್ತದೆ. ನಾಲ್ಕರಲ್ಲಿ ದುಬಾರಿ ಭಾಗವೂ ಅದೇ.

ಕೇಪು ಕೂರುವ ಜಾಗಕ್ಕೆ 1866ರಲ್ಲಿ ಎರಡು ವಿನ್ಯಾಸಗಳು ಬಂದವು. ಒಂದು ಅಮೆರಿಕದ ಹೈರಮ್ ಬರ್ಡನ್ ಅವರದು. ಇನ್ನೊಂದು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರದಲ್ಲಿದ್ದ ಎಡ್ವರ್ಡ್ ಬಾಕ್ಸರ್ ಅವರದು. ಬರ್ಡನ್ ಚಿಪ್ಪಿನ ಬುಡದಲ್ಲಿ ಕಿಡಿ ಹೋಗಲು ಎರಡು ಸಣ್ಣ ತೂತು, ಎರಡೂ ಪಕ್ಕಕ್ಕೆ. ಬಾಕ್ಸರ್ ಚಿಪ್ಪಿನಲ್ಲಿ ಒಂದೇ ತೂತು, ಸರಿಯಾಗಿ ಮಧ್ಯದಲ್ಲಿ.

ಇಷ್ಟು ಸಣ್ಣ ವ್ಯತ್ಯಾಸದಿಂದ ಎರಡು ಖಂಡಗಳ ರೂಢಿಯೇ ಬೇರೆಯಾಯಿತು. ಮಧ್ಯದಲ್ಲಿ ಒಂದೇ ತೂತಿದ್ದರೆ ಮೇಲಿನಿಂದ ಒಂದು ಕಡ್ಡಿ ಇಳಿಸಿ ಒತ್ತಿದರೆ ಸಾಕು, ಹಳೆಯ ಕೇಪು ಕೆಳಗೆ ಬೀಳುತ್ತದೆ. ಪಕ್ಕದಲ್ಲಿ ಎರಡು ತೂತಿದ್ದರೆ ಕೇಪನ್ನು ಹೊರಗಿನಿಂದ ಮೀಟಿ ತೆಗೆಯಬೇಕು, ಅದು ತಲೆನೋವಿನ ಕೆಲಸ. ವಿಚಿತ್ರವೆಂದರೆ ಅಮೆರಿಕದವನ ವಿನ್ಯಾಸ ಯುರೋಪಿನಲ್ಲಿ ನೆಲೆ ನಿಂತಿತು, ಇಂಗ್ಲೆಂಡಿನವನ ವಿನ್ಯಾಸ ಅಮೆರಿಕಕ್ಕೆ ಹೋಯಿತು. ಮನೆಯಲ್ಲಿ ತೋಟಾ ತುಂಬುವ ರೂಢಿ ಅಮೆರಿಕದಲ್ಲಿ ಅಷ್ಟೊಂದು ಬೆಳೆಯಲು ಇದೂ ಒಂದು ದೊಡ್ಡ ಕಾರಣ.

ಬೆಂಕಿಯ ಪಕ್ಕದ ಕೆಲಸ

1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಗೆ ಬೈಸನ್ ಬೇಟೆಗಾರರು ನುಗ್ಗಿದರು. ಬೈಸನ್ ಎಂದರೆ ನಮ್ಮ ಕಾಟಿಯ ದೂರದ ನೆಂಟ. ಅದರ ತೊಗಲಿಗೆ ಪೂರ್ವದ ಊರುಗಳಲ್ಲಿ ಒಳ್ಳೆಯ ಬೆಲೆ ಇತ್ತು. ಬೇಟೆಗಾರನಿಗೆ ದಿನವೂ ರಾಶಿ ತೋಟಾ ಬೇಕು, ಅಂಗಡಿ ಇರುವುದು ಎಷ್ಟೋ ದಿನದ ದಾರಿಯಲ್ಲಿ. ಅದಕ್ಕೆ ಅವರು ಗಾಡಿಯಲ್ಲಿ ಪೀಪಾಯಿಗಟ್ಟಲೆ ಕರಿಮದ್ದು, ಸೀಸದ ಗಟ್ಟಿ, ಕೇಪಿನ ಡಬ್ಬ ಒಯ್ಯುತ್ತಿದ್ದರು. ರಾತ್ರಿ ಬಿಡಾರದಲ್ಲಿ ಬೆಂಕಿಯ ಮೇಲೆ ಸೀಸ ಕರಗಿಸಿ ಅಚ್ಚಿಗೆ ಹೊಯ್ದು, ಹಗಲು ಖಾಲಿಯಾದ ಚಿಪ್ಪುಗಳನ್ನು ಮತ್ತೆ ತುಂಬುತ್ತಿದ್ದರು.

ಈ ಉಳಿತಾಯದ ಕೌಶಲದ ಇನ್ನೊಂದು ಮುಖ ಭೀಕರವಾದದ್ದು. 1880ರ ದಶಕ ಮುಗಿಯುವ ಹೊತ್ತಿಗೆ ಕೋಟಿಗಟ್ಟಲೆ ಇದ್ದ ಬೈಸನ್‌ಗಳಲ್ಲಿ ಉಳಿದದ್ದು ಸುಮಾರು ಒಂದು ಸಾವಿರ. ಊಟ, ಬಟ್ಟೆ, ಗುಡಾರ ಎಲ್ಲಕ್ಕೂ ಅದೇ ಪ್ರಾಣಿಯನ್ನು ನೆಚ್ಚಿದ್ದ ಲಕೋಟಾ, ಶಯಾನ್, ಕೊಮಾಂಚೆ ಮೊದಲಾದ ಮೂಲನಿವಾಸಿಗಳ ಬದುಕೂ ಅದರೊಂದಿಗೆ ಮುರಿದುಬಿತ್ತು. ರೈಲು, ತೊಗಲಿನ ವ್ಯಾಪಾರ, ಸರ್ಕಾರದ ನೀತಿ ಎಲ್ಲವೂ ಸೇರಿ ಆದ ನಾಶ ಇದು. ರಾತ್ರಿ ತುಂಬಿದ ತೋಟಾಗಳಿಗೂ ಅದರಲ್ಲಿ ಪಾಲಿದೆ.

1884ರಲ್ಲಿ ಜಾನ್ ಬಾರ್ಲೊ ಎಂಬವರು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ಶುರುಮಾಡಿದರು. ಅವರು ಮಾರಿದ ಉಪಕರಣ ನೋಡಲು ನಮ್ಮ ಅಡಕತ್ತರಿಯ ಹಾಗೇ ಇತ್ತು. ಎರಡು ಹಿಡಿ, ನಡುವೆ ಒಂದು ಕೀಲು. ಹಳೆಯ ಕೇಪು ತೆಗೆಯುವುದು, ಹೊಸದನ್ನು ಕೂರಿಸುವುದು, ಗುಂಡು ಒತ್ತುವುದು, ಎಲ್ಲ ಕೆಲಸವೂ ಕೈಯ ಬಲದಿಂದಲೇ. ತೊಡೆಯ ಮೇಲೆ ಇಟ್ಟುಕೊಂಡು ಮಾಡಬಹುದಾದ ಕೆಲಸ. ಮೇಜು ಬೇಕಿರಲಿಲ್ಲ.

ಮದ್ದು ಬದಲಾಯಿತು

ಮೇಜು ಬೇಕಾದದ್ದು ಮದ್ದು ಬದಲಾದ ಮೇಲೆ.

ಕರಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಅದು ಬಹಳ ಜಾಗ ತಿನ್ನುತ್ತದೆ. ಅಮೆರಿಕದ ಸೇನೆ 1873ರಲ್ಲಿ ಆರಿಸಿಕೊಂಡ ತೋಟಾದ ಹೆಸರೇ 45-70. ನಳಿಗೆಯ ಅಗಲ ಇಂಚಿನ ನೂರರಲ್ಲಿ 45 ಪಾಲು, ಮದ್ದು 70 ಗ್ರೇನ್. ಅಷ್ಟು ಹಾಕಿದರೆ ಚಿಪ್ಪು ಹೆಚ್ಚುಕಡಿಮೆ ತುಂಬಿಯೇ ಹೋಗುತ್ತದೆ. ಮರೆತು ಎರಡನೇ ಸಲ ಸುರಿದರೆ ಹೊರಗೆ ಚೆಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ಹಾಗಾಗಿ ಬೆಂಕಿಯ ಮಂದ ಬೆಳಕಿನಲ್ಲಿ ತುಂಬಿದರೂ ಅಳತೆಯ ತಪ್ಪು ಅಡಗಿ ಕೂರುತ್ತಿರಲಿಲ್ಲ. ಬೆಂಕಿಯ ಪಕ್ಕ ಕರಿಮದ್ದು ಬಿಚ್ಚುವುದೇ ದೊಡ್ಡ ಅಪಾಯ ಎಂಬುದು ಬೇರೆ ಮಾತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಎಂಬ ರಸಾಯನಶಾಸ್ತ್ರಜ್ಞ ಹೊಗೆ ಕಡಿಮೆ ಇರುವ ಹೊಸ ಮದ್ದು ಕಂಡುಹಿಡಿದರು. ಅದರ ಶಕ್ತಿ ಕರಿಮದ್ದಿಗಿಂತ ಎಷ್ಟೋ ಹೆಚ್ಚು. ಹತ್ತೇ ವರ್ಷದಲ್ಲಿ ಅದು ಅಮೆರಿಕದ ಬೇಟೆಗಾರರ ಕೋವಿಗೂ ಬಂತು. ಶಕ್ತಿ ಹೆಚ್ಚಾದ್ದರಿಂದ ಸ್ವಲ್ಪವೇ ಸಾಕು. ಕೆಲವು ತೋಟಾಗಳಲ್ಲಿ, ಅದರಲ್ಲೂ ಪಿಸ್ತೂಲಿನವುಗಳಲ್ಲಿ, ಚಿಪ್ಪಿನ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯುತ್ತದೆ.

ಅಪಾಯ ಇರುವುದು ಆ ಖಾಲಿ ಜಾಗದಲ್ಲಿ. ಕೈ ತಪ್ಪಿ ಎರಡು ಸಲ ಸುರಿದರೂ ಮದ್ದು ಚೆಲ್ಲುವುದಿಲ್ಲ. ಮೇಲೆ ಗುಂಡು ಕೂರಿಸಿದರೆ ಒಳ್ಳೆಯ ತೋಟಾಕ್ಕೂ ಇದಕ್ಕೂ ಹೊರಗಿನಿಂದ ವ್ಯತ್ಯಾಸವೇ ಕಾಣದು. ಹಾರಿಸಿದಾಗ ನಳಿಗೆ ಸೀಳುತ್ತದೆ. ಹೋಗುವುದು ಹಾರಿಸಿದವನ ಬೆರಳು, ಕಣ್ಣು, ಕೆಲವೊಮ್ಮೆ ಜೀವ. ಹಳೆಯ ಅಭ್ಯಾಸದಲ್ಲಿ ಕರಿಮದ್ದಿನ ಅಳತೆಯಲ್ಲೇ ಹೊಸ ಮದ್ದು ತುಂಬಿ ಕೋವಿ ಒಡೆದುಕೊಂಡವರೂ ಆಗ ಇದ್ದರು.

ಅಲ್ಲಿಗೆ ತೊಡೆಯ ಮೇಲಿನ ಕೆಲಸದ ಕಾಲ ಮುಗಿಯಿತು. ಅಲುಗಾಡದ ಜಾಗ, ಒಳ್ಳೆಯ ಬೆಳಕು, ಸೂಕ್ಷ್ಮ ತಕ್ಕಡಿ ಬೇಕಾದವು.

ಗ್ಯಾರೇಜಿಗೆ ಬಂದ ಮೇಜು

1930ರ ದಶಕದ ಹೊತ್ತಿಗೆ ಮೇಜಿಗೆ ಬೋಲ್ಟ್ ಹಾಕಿ ಬಿಗಿಯುವ, ಹಿಡಿಕೆ ಎಳೆದು ಒತ್ತುವ ಪ್ರೆಸ್‌ಗಳು ಬಂದಿದ್ದವು. 1937ರಲ್ಲಿ ಫಿಲಿಪ್ ಶಾರ್ಪ್ ಎಂಬವರು ಈ ಕಸುಬಿನ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು.

ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಗಳೆಲ್ಲ ಸೇನೆಗೆ ದುಡಿದವು. ಬೇಟೆಗಾರರಿಗೆ ಅಂಗಡಿಯಲ್ಲಿ ತೋಟಾ ಸಿಗದಾಯಿತು. ಈ ಕೊರತೆಯಲ್ಲೇ ಇವತ್ತಿನ ದೊಡ್ಡ ಕಂಪನಿಗಳು ಹುಟ್ಟಿದವು. ಕ್ಯಾಲಿಫೋರ್ನಿಯಾದ ಒರೊವಿಲ್ ಊರಿನ ಫ್ರೆಡ್ ಹಂಟಿಂಗ್‌ಟನ್ ಅವರ ಮನೆಯವರದು ಬಟ್ಟೆ ಒಗೆಯುವ ಲಾಂಡ್ರಿ. ಅವರು ಅದರ ಹಿಂದಿನ ಕೋಣೆಯಲ್ಲಿ 1943ರಲ್ಲಿ ಗುಂಡು ಒತ್ತುವ ಅಚ್ಚು ಮಾಡತೊಡಗಿದರು. ಅದೇ ಮುಂದೆ ಆರ್‌ಸಿಬಿಎಸ್ ಕಂಪನಿಯಾಯಿತು. ಜಾಯ್ಸ್ ಹಾರ್ನಡಿ 1949ರಲ್ಲಿ ನೆಬ್ರಾಸ್ಕಾದಲ್ಲಿ ಗುಂಡಿನ ಕಂಪನಿ ತೆರೆದರು. ಕಾನ್ಸಾಸ್‌ನ ಬ್ರೂಸ್ ಹಾಜ್‌ಡನ್, ಯುದ್ಧದಲ್ಲಿ ಉಳಿದ ಮದ್ದನ್ನು ಸರ್ಕಾರದಿಂದ ಸಗಟಾಗಿ ಕೊಂಡು, ಹಳೆಯ ರೈಲು ಡಬ್ಬಿಯೊಂದರಲ್ಲಿ ದಾಸ್ತಾನಿಟ್ಟು ಮಾರಿದರು. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಸುತ್ತಿಗೆಯಿಂದ ತಟ್ಟಿಯೇ ತುಂಬುವ ಅಗ್ಗದ ಕೈಪೆಟ್ಟಿಗೆ ತಂದರು.

ಯುದ್ಧದಿಂದ ಮರಳಿದವರಿಗೆ ಸ್ವಂತ ಮನೆ, ಗ್ಯಾರೇಜು ಸಿಕ್ಕಿದ ಕಾಲ ಅದು. ಗ್ಯಾರೇಜಿನ ಮೂಲೆಯಲ್ಲಿ ತೋಟಾದ ಮೇಜು ಎದ್ದಿತು. ಈ ಉಪಕರಣ ಮಾಡುವವರ ಸಂಘವೇ ಮೇಜಿನ ನಕ್ಷೆ ಅಚ್ಚು ಹಾಕಿಸಿ ಹಂಚಿತು. ಸಾಮಾನ್ಯ ಮರ, ಪ್ಲೈವುಡ್ ಇದ್ದರೆ ಯಾರೂ ಮಾಡಿಕೊಳ್ಳಬಹುದಾದ ನಕ್ಷೆ.

ಒಂದೊಂದು ನಿಯಮಕ್ಕೂ ಕಾರಣ ಉಂಟು

ಅಲ್ಲಿನ ಮೇಜಿನ ರೂಢಿಗಳನ್ನು ನೋಡಿದರೆ ಯಾವುದೂ ಅಂದಕ್ಕಾಗಿ ಬಂದದ್ದಲ್ಲ.

ಮೇಜು ಭಾರವಾಗಿರಬೇಕು, ಗೋಡೆಗೆ ಬಿಗಿದಿರಬೇಕು. ಉಬ್ಬಿದ ಹಿತ್ತಾಳೆಯನ್ನು ಅಚ್ಚಿಗೆ ತೂರಿಸಿ ಮೊದಲಿನ ಅಳತೆಗೆ ತರಲು ಹಿಡಿಕೆಯನ್ನು ಬಲವಾಗಿ ಎಳೆಯಬೇಕು. ಹಗುರ ಮೇಜಾದರೆ ಹಿಡಿಕೆಯ ಜೊತೆ ಅದೂ ಏಳುತ್ತದೆ. ಮೇಜು ಅದುರಿದರೆ ಮದ್ದು ಅಳೆಯುವ ಡಬ್ಬಿಯೂ ಅದುರುತ್ತದೆ, ಒಳಗಿನ ಮದ್ದು ಒತ್ತಾಗಿ ಕೂತು ಒಂದು ಅಳತೆಗೂ ಮುಂದಿನದಕ್ಕೂ ಹೊಂದಿಕೆ ತಪ್ಪುತ್ತದೆ.

ತಕ್ಕಡಿಯ ಮಾತು ಇನ್ನೂ ಸೂಕ್ಷ್ಮ. ಇಲ್ಲಿ ತೂಕದ ಲೆಕ್ಕ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕ ಸುಮಾರು ಎರಡು ಗ್ರೇನ್ ಆಗುತ್ತದೆ. ಒಂದು ಗ್ರೇನಿನ ಹತ್ತನೇ ಒಂದು ಭಾಗವನ್ನೂ ಗಮನಿಸಬೇಕು ಎಂದರೆ ಗುಲಗಂಜಿಯನ್ನು ಇಪ್ಪತ್ತು ಪಾಲು ಮಾಡಿದಂತೆ. ಅಕ್ಕಸಾಲಿಗರು ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಕಾರಣಕ್ಕೇ ಅವರೂ ಫ್ಯಾನಿನ ಗಾಳಿ ತಾಗದ ಜಾಗ ಹುಡುಕುತ್ತಾರೆ.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬ. ಬೇರೆ ಬೇರೆ ವೇಗದಲ್ಲಿ ಉರಿಯುವ ಮದ್ದುಗಳು ನೋಡಲು ಒಂದೇ ಥರ. ಅದಲುಬದಲಾದರೆ ಗುರುತು ಸಿಗದು. ಅದಕ್ಕೇ ಬೇರೆ ಡಬ್ಬಕ್ಕೆ ಸುರಿದಿಡುವುದೂ ನಿಷಿದ್ಧ. ಕೀಟನಾಶಕವನ್ನು ನೀರಿನ ಬಾಟಲಿಗೆ ಸುರಿದಿಟ್ಟು ಆದ ಅನಾಹುತಗಳನ್ನು ಕಂಡವರಿಗೆ ಈ ನಿಯಮ ವಿವರಿಸಬೇಕಿಲ್ಲ.

ಖಾಲಿ ಚಿಪ್ಪು ಒಂದು ಕಡೆ, ತುಂಬಿದ್ದು ಇನ್ನೊಂದು ಕಡೆ. ನಡುವೆ ಸಾಲಾಗಿ ಕುಳಿ ಕೊರೆದ ಮರದ ಹಲಗೆ. ಮದ್ದು ಹಾಕಿದ ಚಿಪ್ಪುಗಳನ್ನೆಲ್ಲ ಅದರಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬಿಟ್ಟು ಒಳಗೆ ಇಣುಕುತ್ತಾರೆ. ಒಂದರಲ್ಲಿ ಮಟ್ಟ ಹೆಚ್ಚಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಕರಿಮದ್ದಿನ ಕಾಲದಲ್ಲಿ ಚೆಲ್ಲಿ ಹೇಳುತ್ತಿದ್ದ ತಪ್ಪನ್ನು ಈಗ ಹುಡುಕಿ ನೋಡಬೇಕು.

ಮೇಜಿನ ಬಳಿ ಬೀಡಿ, ಸಿಗರೇಟು ಇಲ್ಲ, ಮಾತಿಲ್ಲ, ಊಟವಿಲ್ಲ. ಗುಂಡಿನಲ್ಲೂ ಸೀಸ, ಕೇಪಿನ ಮಸಿಯಲ್ಲೂ ಸೀಸ. ಕೈಯಿಂದ ಬಾಯಿಗೆ ಹೋದರೆ ರಕ್ತ ಸೇರುತ್ತದೆ. ಮಕ್ಕಳಿಗಂತೂ ಅದು ಮಿದುಳಿಗೇ ವಿಷ.

ಮದ್ದು ಇಡುವ ಪೆಟ್ಟಿಗೆಯ ನಿಯಮ ಕೇಳಿದರೆ ಆಶ್ಚರ್ಯವಾಗುತ್ತದೆ. ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆಯ ಪ್ರಕಾರ ಮನೆಯಲ್ಲಿ 20 ಪೌಂಡ್, ಅಂದರೆ ಸುಮಾರು 9 ಕಿಲೋ ಮದ್ದನ್ನು ಮೂಲ ಡಬ್ಬದಲ್ಲೇ ಇಡಬಹುದು. ಅದಕ್ಕಿಂತ ಹೆಚ್ಚಾದರೆ, 50 ಪೌಂಡಿನವರೆಗೆ, ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಕಬ್ಬಿಣದ ತಿಜೋರಿ ಯಾಕಲ್ಲ? ಈ ಮದ್ದು ಬಯಲಲ್ಲಿ ಬರೀ ಉರಿಯುತ್ತದೆ, ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ಸಿಡಿಯುತ್ತದೆ. ಮರದ ಪೆಟ್ಟಿಗೆ ಬಿರಿದು ಒತ್ತಡವನ್ನು ಹೊರಗೆ ಬಿಡುತ್ತದೆ. ಬಿಗಿದ ತಿಜೋರಿ ಅದೇ ಒಂದು ಬಾಂಬ್ ಆಗುತ್ತದೆ.

ನಮ್ಮ ಕಡೆ ಆದದ್ದೇ ಬೇರೆ

ಭಾರತದಲ್ಲಿ ಈ ಕೆಲಸ ಮನೆಯ ಕಸುಬಾಗಿ ಬೆಳೆಯಲಿಲ್ಲ. 1857ರ ಪೆಟ್ಟು ತಿಂದ ಬ್ರಿಟಿಷರು ಆಯುಧವನ್ನು ಜನರ ಕೈಯಿಂದ ದೂರವಿಟ್ಟರು. 1869ರಲ್ಲಿ ಪುಣೆಯ ಖಡ್ಕಿಯಲ್ಲಿ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆ ಬಂತು. 1878ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಬಂತು. ಸ್ವತಂತ್ರ ಭಾರತದ 1959ರ ಕಾಯ್ದೆ ಅದರ ಜಾಗಕ್ಕೆ ಬಂದರೂ ಪರವಾನಗಿಯ ಬಿಗಿ ಸಡಿಲವಾಗಲಿಲ್ಲ.

ಈ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ತೋಟಾ ತಯಾರಿಸುವ ಪರವಾನಗಿ ಬೇರೆ. ಕೊಡಗಿನವರಿಗೆ ಇರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಮನೆಯಲ್ಲಿ ತೋಟಾ ಮಾಡುವುದಕ್ಕಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವ ವ್ಯವಹಾರಕ್ಕೆ ಮಾತ್ರ ಬೇಕು. ವಿಡಿಯೊದಲ್ಲಿ ಕಾಣುವ ಮೇಜಿನ ಹಿಂದೆ ಆ ದೇಶದ ಕಾನೂನಿದೆ. ಅದು ವಿಡಿಯೊ ಜೊತೆ ನಮ್ಮ ಫೋನಿಗೆ ಬರುವುದಿಲ್ಲ.

ಮಲೆನಾಡು, ಕರಾವಳಿ, ಕೊಡಗಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಟ್ರಂಕಿನಲ್ಲಿ ಹಳೆಯ ತೋಟಾಗಳು ಈಗಲೂ ಸಿಗುತ್ತವೆ. ಸಿಕ್ಕರೆ ಬಿಚ್ಚಿ ನೋಡಬೇಡಿ, ಬಿಸಿಲಿಗೆ ಹರವಬೇಡಿ, ಒಲೆಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಪರವಾನಗಿ ಇದ್ದವರು ತೀರಿಕೊಂಡಿದ್ದರೆ ಕೋವಿಯನ್ನೂ ತೋಟಾಗಳನ್ನೂ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಮಾರಾಟಗಾರರಲ್ಲಿ ಠೇವಣಿ ಇಡಬೇಕು ಎಂದು ಕಾಯ್ದೆ ಹೇಳುತ್ತದೆ. ತೋಟಾಗಳನ್ನು ಅಲುಗಾಡಿಸದೆ ಮೊದಲು ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕೆಂದು ಅವರನ್ನೇ ಕೇಳಿ. ಕೊಟ್ಟ ಮೇಲೆ ರಸೀದಿ ಪಡೆಯಲು ಮರೆಯಬೇಡಿ.