ಲೆಕ್ಕ ಕೇಳಿದ ಟೀಚರಮ್ಮಂದಿರು

ನನ್ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಸೀಮೆಸುಣ್ಣದ ಡಬ್ಬಿಯನ್ನೂ ಎಷ್ಟೋ ಸಲ ತಮ್ಮ ಕೈಯಿಂದಲೇ ದುಡ್ಡು ಹಾಕಿ ತರುತ್ತಿದ್ದರು. ಕೇಳಿದರೆ "ಅನುದಾನ ಬಂದಿಲ್ಲ ಕಣೋ" ಅನ್ನೋರು. ಅಲ್ಲಿಗೆ ಮಾತು ಮುಗೀತು. ಯಾಕೆ ಬಂದಿಲ್ಲ ಅಂತ ಯಾರನ್ನಾದರೂ ಕೇಳಬಹುದು ಅನ್ನೋದು ನನಗೂ ಹೊಳೆದಿರಲಿಲ್ಲ, ಅಮ್ಮನಿಗೂ. ಹಾಗೆ ಕೇಳಿದವರ ಕಥೆಯೊಂದನ್ನು ಈಚೆಗೆ ಓದಿದೆ. ನಿಮಗೂ ಹೇಳಿಬಿಡೋಣ ಅಂತ...

ಊರು ಅಮೆರಿಕದ ಶಿಕಾಗೋ. ಮಾರ್ಗರೆಟ್ ಹೇಲಿ (1861-1939) ಅಲ್ಲಿನ ಕಸಾಯಿಖಾನೆಗಳ ಬಡಾವಣೆಯಲ್ಲಿ ಆರನೇ ತರಗತಿಯ ಟೀಚರ್. ಒಂದೊಂದು ತರಗತಿಯಲ್ಲೂ ಕಿಕ್ಕಿರಿದ ಮಕ್ಕಳು, ಹೆಚ್ಚಿನವರು ವಲಸೆ ಬಂದ ಕೂಲಿಗಳ ಮನೆಯವರು. 1897ರಲ್ಲಿ ಪ್ರಾಥಮಿಕ ಶಾಲೆಗಳ ಶಿಕ್ಷಕಿಯರು ಸೇರಿ 'ಶಿಕಾಗೋ ಟೀಚರ್ಸ್ ಫೆಡರೇಶನ್' ಕಟ್ಟಿಕೊಂಡರು. ವರ್ಷಗಟ್ಟಲೆ ಏರದಿದ್ದ ಸಂಬಳವನ್ನು ಕಂತುಗಳಲ್ಲಿ ಏರಿಸಲು ಶಾಲಾ ಮಂಡಳಿ ಒಪ್ಪಿತು. ಆದರೆ 1900ರ ಹೊತ್ತಿಗೆ ದುಡ್ಡಿಲ್ಲ ಅಂತ ಕೈಯೆತ್ತಿಬಿಟ್ಟಿತು!

ಹೇಲಿ ಮತ್ತು ಕ್ಯಾಥರೀನ್ ಗಾಗಿನ್ ಪಾಠ ಬಿಟ್ಟು ತೆರಿಗೆ ಕಡತಗಳ ಹಿಂದೆ ಬಿದ್ದರು. ಶಾಲೆಗಳು ನಡೆಯುತ್ತಿದ್ದುದು ಮುಖ್ಯವಾಗಿ ಆಸ್ತಿ ತೆರಿಗೆಯಿಂದ. ಟ್ರಾಮ್, ಗ್ಯಾಸ್, ವಿದ್ಯುತ್, ಟೆಲಿಫೋನ್ ಕಂಪನಿಗಳು ಊರಿನ ಬೀದಿಗಳನ್ನು ಬಳಸುವ ಹಕ್ಕನ್ನು ಪಡೆದಿದ್ದವು. ಕಾನೂನಿನ ಪ್ರಕಾರ ಆ ಹಕ್ಕೂ ಆಸ್ತಿಯೇ. ಆದರೆ ತೆರಿಗೆ ಹಾಕುವವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರರ್ ಮೆಸೇಜ್ ನೋಡಿ ಸುಮ್ಮನಾಗದೆ ಇವರು ಲಾಗ್ ಫೈಲ್ ತೆಗೆದು ಕೂತರು :)

ಸಿಕ್ಕಿದ್ದನ್ನು ಹಿಡಿದು ಕೋರ್ಟಿಗೆ ಹೋದರು. 1901ರ ಅಕ್ಟೋಬರ್‌ನಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ ಇವರ ಪರ ತೀರ್ಪು ಕೊಟ್ಟಿತು. ಕಂಪನಿಗಳು ಫೆಡರಲ್ ಕೋರ್ಟಿಗೆ ಹೋಗಿ ಮೊತ್ತ ಇಳಿಸಿಕೊಂಡರೂ ಸುಮಾರು 6 ಲಕ್ಷ ಡಾಲರ್ ಕಟ್ಟಲೇಬೇಕಾಯಿತು. ಇಷ್ಟಾದರೂ ಮಂಡಳಿ ತನ್ನ ಪಾಲಿಗೆ ಬಂದ ದುಡ್ಡನ್ನು ಕಲ್ಲಿದ್ದಲು, ರಿಪೇರಿ ಅಂತ ಬೇರೆ ಬಾಬಿಗೆ ತಿರುಗಿಸಿತು. ಟೀಚರುಗಳು ಮತ್ತೆ ಕೋರ್ಟು ಹತ್ತಿದರು. 1904ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್ ಅವರ ಪರವಾಗಿ ತೀರ್ಪಿತ್ತರು. ಮರುವರ್ಷ ಅದೇ ಡನ್ ಊರಿನ ಮೇಯರ್ ಆದರು!

ಗಮನಿಸಿ, ಇದೆಲ್ಲ ನಡೆದಾಗ ಈ ಹೆಂಗಸರಿಗೆ ಮೇಯರನ್ನು ಆರಿಸುವ ಓಟೇ ಇರಲಿಲ್ಲ. ಅದು ಸಿಕ್ಕಿದ್ದು 1913ರಲ್ಲಿ. ಅದಕ್ಕೇ 1902ರಲ್ಲಿ ಓಟಿದ್ದ ಕೂಲಿಕಾರರ ಒಕ್ಕೂಟದ ಜೊತೆ ಸೇರಿಕೊಂಡರು. ಟೀಚರುಗಳು ಕಾರ್ಮಿಕರ ಜೊತೆ ಸೇರೋದೇ ಅಂತ ಮೂಗು ಮುರಿದವರಿಗೆ ಲೆಕ್ಕವಿಲ್ಲ.

ಕಥೆ ಸುಖಾಂತವೇನಲ್ಲ. 1915ರಲ್ಲಿ ಮಂಡಳಿ ಇಂಥ ಸಂಘಕ್ಕೆ ಸೇರುವುದನ್ನೇ ನಿಷೇಧಿಸಿತು. 1916ರಲ್ಲಿ ಅಮೆರಿಕನ್ ಫೆಡರೇಶನ್ ಆಫ್ ಟೀಚರ್ಸ್ ಹುಟ್ಟಿದಾಗ ಹೇಲಿಯ ಸಂಘ ಅದರ ಒಂದನೇ ನಂಬರಿನ ಶಾಖೆ. ಆದರೆ ಮರುವರ್ಷವೇ, ಟೀಚರುಗಳ ಕೆಲಸ ಉಳಿಸಿಕೊಳ್ಳಲು ಅದು ಕಾರ್ಮಿಕ ಒಕ್ಕೂಟವನ್ನೂ, ತಾನೇ ಕಟ್ಟಲು ನೆರವಾದ ಈ ಸಂಘಟನೆಯನ್ನೂ ಬಿಟ್ಟು ಹೊರಬರಬೇಕಾಯಿತು. ಆ ಸಂಘಟನೆ ಮಾತ್ರ ಇವತ್ತಿಗೂ ಇದೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕದ ಪುಸ್ತಕ ನಾವೂ ಕೇಳಬಹುದು ಅಂತ ನಮಗೆ ಯಾರೂ ಹೇಳಿಕೊಡ್ಲಿಲ್ಲ ಕಣೋ" ಅಂದರು.

ನಿಮ್ಮ ಶಾಲೆಯ ಟೀಚರ್ ಸೀಮೆಸುಣ್ಣ ಎಲ್ಲಿಂದ ತರುತ್ತಿದ್ದರು, ನೆನಪಿದೆಯಾ?