ಹೆಪ್ಪುಗಟ್ಟಿದ ಬಾಡಿಗೆ

ಬಾಡಿಗೆಗೆ ಸರ್ಕಾರ ಮಿತಿ ಹಾಕಿದರೆ ಬಾಡಿಗೆಮನೆಯೇ ಸಿಗದಂತಾಗುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಮಿಲ್ಟನ್ ಫ್ರೀಡ್‌ಮನ್ ಮತ್ತು ಜಾರ್ಜ್ ಸ್ಟಿಗ್ಲರ್ 1946ರಲ್ಲಿ ಒಂದು ಕಿರುಹೊತ್ತಿಗೆ ಬರೆದರು. ‘ರೂಫ್ಸ್ ಆರ್ ಸೀಲಿಂಗ್ಸ್?’ ಅದರ ಹೆಸರು. (ಸೀಲಿಂಗ್ ಎಂದರೆ ಚಾವಣಿಯೂ ಹೌದು, ದರದ ಮಿತಿಯೂ ಹೌದು, ಈ ಶ್ಲೇಷೆ ಕನ್ನಡಕ್ಕೆ ಬಗ್ಗುವುದಿಲ್ಲ.) ಮರುವರ್ಷವೇ ಮುಂಬಯಿಯಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಹಳೆಯ ಮನೆಗಳ ಬಾಡಿಗೆ 1940ರ ಸೆಪ್ಟೆಂಬರ್ ಮಟ್ಟದಲ್ಲೇ ನಿಂತಿತು.

ಉದ್ದೇಶದಲ್ಲಿ ಕೊಂಕಿರಲಿಲ್ಲ. ದೇಶ ಒಡೆದು ನಿರಾಶ್ರಿತರು ಬರುತ್ತಿದ್ದರು, ಮನೆಗಳು ಸಾಲುತ್ತಿರಲಿಲ್ಲ. ಆದರೆ ಮಿಕ್ಕೆಲ್ಲದರ ಬೆಲೆ ಏರಿದರೂ ಬಾಡಿಗೆ ಏರಲಿಲ್ಲ. ಬಂದ ಹಣ ರಿಪೇರಿಗೂ ಸಾಲದಾದಾಗ ಮಾಲೀಕರು ಚಾಳುಗಳತ್ತ ತಿರುಗಿ ನೋಡುವುದನ್ನೇ ಬಿಟ್ಟರು. ಹೊಸಬರಿಗೆ ಖೋಲಿ ಬೇಕಾದರೆ ‘ಪಗಡಿ’ ಕೊಡಬೇಕು: ಕಾನೂನು ನಿಷೇಧಿಸಿದ್ದ, ಆದರೂ ಊರೆಲ್ಲ ನಡೆಯುತ್ತಿದ್ದ ಇಡಿಗಂಟು. ಬಿಟ್ಟುಹೋಗುವ ಬಾಡಿಗೆದಾರನಿಗೂ ಅದರಲ್ಲಿ ಪಾಲು. ಕಾಯ್ದೆ ಕಾದದ್ದು ಆಗಲೇ ಒಳಗಿದ್ದವನನ್ನು. ಟ್ರಂಕು ಹಿಡಿದು ಆಗಷ್ಟೇ ಬಂದಿಳಿದವನನ್ನಲ್ಲ.

ಕಟ್ಟಡಗಳು ಕುಸಿಯತೊಡಗಿದ ಮೇಲೆ 1969ರಲ್ಲಿ ಮತ್ತೊಂದು ಕಾಯ್ದೆ: ಸೆಸ್ ವಸೂಲಿ ಮಾಡಿ ಸರ್ಕಾರಿ ಮಂಡಳಿಯೇ ರಿಪೇರಿ ಮಾಡಿಸುವುದು.

ಮುಕ್ತ ಮಾರುಕಟ್ಟೆಯ ವಾದಿಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸುವುದುಂಟು. ಅದು ಅರ್ಧ ಕಥೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಕೆಲಸ ಕಳೆದುಕೊಂಡ ಎಷ್ಟೋ ಕುಟುಂಬಗಳು ಪರಳ, ಲಾಲ್‌ಬಾಗ್‌ನಲ್ಲೇ ಉಳಿಯಲು ಆದದ್ದು ಆ ಪುಡಿಗಾಸಿನ ಬಾಡಿಗೆಯಿಂದ.

1997ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆಯನ್ನು ಹೀಗೆ ಕಟ್ಟಿಹಾಕಿದ್ದು ಕಾಲ ಕಳೆದಂತೆ ಅಸಮಂಜಸವಾಗಿದೆ ಎಂದಿತು. ಮಹಾರಾಷ್ಟ್ರದ 1999ರ ಹೊಸ ಕಾಯ್ದೆ ವರ್ಷಕ್ಕೆ ಶೇ. 4ರ ಏರಿಕೆಗೆ ಒಪ್ಪಿತು. ಪಗಡಿಯನ್ನೂ ಕಾನೂನುಬದ್ಧಗೊಳಿಸಿತು.