ಮಂಡಿಯೊಳಗೊಂದು ಬಸಿಗಾಲುವೆ

ಮಳೆಗಾಲದಲ್ಲಿ ನಂದಿ ಬೆಟ್ಟದ ತಪ್ಪಲಿನ ತೋಟಗಳತ್ತ ಹೋಗಿದ್ದೀರಾ? ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ರೈತರು ಬಸಿಗಾಲುವೆ ತೆಗೆಯುತ್ತಾರೆ. ಗಾಯದಲ್ಲಿ ನಿಂತ ಕೀವು, ರಕ್ತಗಳ ವಿಷಯದಲ್ಲಿ ಶಸ್ತ್ರವೈದ್ಯರ ತರ್ಕವೂ ಇದೇ. ಮಂಡಿಯ ಕೀಲು ಬದಲಿಸಿಕೊಂಡ ಅಜ್ಜಿಯ ಮಂಚದ ಬಳಿ ರಕ್ತ ತುಂಬಿದ ಪ್ಲಾಸ್ಟಿಕ್ ಬುಡ್ಡಿಯನ್ನು ಕಂಡು ನೀವು ಗಾಬರಿಗೊಂಡಿರಬಹುದು. ಅದಕ್ಕೆ ಸೇರಿದ ಕೊಳವೆಯೇ ಬಸಿನಳಿಕೆ, ಅಂದರೆ 'ಡ್ರೇನ್'. ಇದು ಹೇಗೆ ಬಂತು? ಮಂಡಿಗೆ ಇದು ಬೇಕೇ ಬೇಕೆ?

ಬಸಿನಳಿಕೆಯ ಕಲ್ಪನೆ ಬಹು ಹಳೆಯದು. ಜಲೋದರದಲ್ಲಿ ಹೊಟ್ಟೆಯನ್ನು ಚುಚ್ಚಿ, ಲೋಹದ ನಳಿಕೆ ಅಥವಾ ಹಕ್ಕಿಯ ಗರಿಯ ಟೊಳ್ಳು ಕಾಂಡದ ಮೂಲಕ ನೀರನ್ನು ಹೊರಬಿಡುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಎಲ್ಲ ನೀರನ್ನೂ ಒಂದೇ ದಿನ ತೆಗೆಯಬಾರದೆಂಬ ಎಚ್ಚರಿಕೆಯೂ ಅದರಲ್ಲಿದೆ. ಗ್ರೀಸಿನ ಹಿಪೊಕ್ರೇಟಿಸ್ ಪರಂಪರೆಯ ವೈದ್ಯರು ಎದೆಗೂಡಿನ ಕೀವು ತೆಗೆಯಲು ಟೊಳ್ಳು ನಳಿಕೆ ಬಳಸುತ್ತಿದ್ದರು.

1859ರಲ್ಲಿ ಫ್ರಾನ್ಸಿನ ಶಾಸೆನ್ಯಾಕ್ ರಬ್ಬರ್ ನಳಿಕೆಯ ಬಳಕೆಯನ್ನು ವಿವರಿಸಿ ಗ್ರಂಥ ಪ್ರಕಟಿಸಿದರು. 1871ರಲ್ಲಿ ಜೋಸೆಫ್ ಲಿಸ್ಟರ್ ವಿಕ್ಟೋರಿಯಾ ರಾಣಿಯ ಕಂಕುಳಿನ ಕುರುವನ್ನು ಕೊಯ್ದು, ಅದರಲ್ಲಿ ರಬ್ಬರ್ ನಳಿಕೆಯ ತುಂಡೊಂದನ್ನು ಇಟ್ಟರು. ಕುರು ವಾಸಿಯಾಯಿತು.

ಆದರೆ ಕೀವು ತುಂಬಿದ ಕುರು ಬೇರೆ, ಸೋಂಕಿಲ್ಲದ ಶುದ್ಧ ಗಾಯ ಬೇರೆ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಈ ಭೇದವನ್ನು ಒತ್ತಿ ಹೇಳಿದರು. ಅಂಗಾಂಶವನ್ನು ಮೃದುವಾಗಿ ನಿರ್ವಹಿಸಿ, ರಕ್ತಸ್ರಾವವನ್ನು ಪೂರ್ತಿ ತಡೆದು, ನವಿರಾದ ರೇಷ್ಮೆ ಎಳೆಯಿಂದ ಹೊಲಿದರೆ ಶುದ್ಧ ಗಾಯಕ್ಕೆ ನಳಿಕೆ ಬೇಡವೆಂಬುದು ಅವರ ನಿಲುವು. ರೇಷ್ಮೆಯ ಊರಾದ ಶಿಡ್ಲಘಟ್ಟದ ಓದುಗರು ಇದನ್ನು ಗಮನಿಸಬೇಕು!

1950ರ ದಶಕದಲ್ಲಿ ಮುಚ್ಚಿದ ಹೀರುನಳಿಕೆ ಬಂತು. 1954ರಲ್ಲಿ ಫ್ರಾನ್ಸಿನ ರೆಡಾನ್ ಇಂತಹ ವಿಧಾನವನ್ನು ಪ್ರಕಟಿಸಿದರು. ಒತ್ತಿ ಹಿಡಿದ ಬುಡ್ಡಿ ಹಿಗ್ಗುವಾಗ ಅದರೊಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ಗಾಯದ ರಕ್ತ ರಂಧ್ರಗಳುಳ್ಳ ನಳಿಕೆಯ ಮೂಲಕ ಬುಡ್ಡಿಗೆ ಹರಿಯುತ್ತದೆ. 1961ರಲ್ಲಿ ವಾ ಮತ್ತು ಸ್ಟಿಂಚ್‌ಫೀಲ್ಡ್ ಮೂಳೆಯ ಶಸ್ತ್ರಕ್ರಿಯೆಗಳಲ್ಲಿ ಇದರ ಬಳಕೆಯನ್ನು ಸಮರ್ಥಿಸಿದರು. 1970ರ ದಶಕದಲ್ಲಿ ಪೂರ್ಣ ಮಂಡಿ ಕೀಲು ಬದಲಾವಣೆ ಬೆಳೆದಾಗ ನಳಿಕೆಯೂ ರೂಢಿಯಾಯಿತು. ಕತ್ತರಿಸಿದ ಮೂಳೆಯ ಮೇಲ್ಮೈಗಳಿಂದ ರಕ್ತ ಜಿನುಗುತ್ತದೆ. ಅದು ಹೆಪ್ಪುಗಟ್ಟಿ ನಿಂತರೆ ಬಾವು, ನೋವು, ಸೋಂಕು ಬಂದಾವೆಂಬ ಭಯ ಸಹಜವೇ.

ಆದರೆ ಮಂಡಿ ಹೊಲವಲ್ಲ. ಮುಚ್ಚಿದ ಕೀಲಿನಲ್ಲಿ ಸಂಗ್ರಹವಾದ ರಕ್ತವು ಸುತ್ತಲಿನ ಸಣ್ಣ ರಕ್ತನಾಳಗಳನ್ನು ಒತ್ತಿ ಸ್ರಾವವನ್ನು ತಾನೇ ತಗ್ಗಿಸುತ್ತದೆ. ಅದನ್ನು ಹೀರಿ ತೆಗೆದರೆ ಈ ಒತ್ತಡವೂ ಹೋಗುತ್ತದೆ. ಹೊರಗಿನಿಂದ ಒಳಕ್ಕೆ ಚಾಚಿದ ನಳಿಕೆ ರೋಗಾಣುಗಳಿಗೂ ದಾರಿಯಾಗಬಲ್ಲದು.

ಯಾವ ತರ್ಕ ಸರಿ? ತೀರ್ಪು ನೀಡಬೇಕಾದುದು ಪ್ರಯೋಗ. 2004ರಲ್ಲಿ ಪಾರ್ಕರ್ ಮತ್ತು ಸಂಗಡಿಗರು ಸೊಂಟ ಹಾಗೂ ಮಂಡಿ ಕೀಲು ಬದಲಾವಣೆಯ 18 ಅಧ್ಯಯನಗಳನ್ನು, ಒಟ್ಟು 3,495 ರೋಗಿಗಳ ಫಲಿತಾಂಶವನ್ನು, ಒಟ್ಟುಗೂಡಿಸಿ ನೋಡಿದರು. ಸೋಂಕಿನಲ್ಲಾಗಲಿ ರಕ್ತ ಹೆಪ್ಪುಗಟ್ಟಿ ನಿಲ್ಲುವುದರಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಳಿಕೆ ಇಟ್ಟವರಿಗೆ ರಕ್ತ ಕೊಡಬೇಕಾದ ಸಂದರ್ಭಗಳು ಹೆಚ್ಚಾಗಿದ್ದವು. ನಳಿಕೆ ಇಡದವರಲ್ಲಿ ಪಟ್ಟಿಯ ಮೇಲೆ ಮತ್ತೆ ಪಟ್ಟಿ ಕಟ್ಟಬೇಕಾದ ಸಂದರ್ಭಗಳು ಹೆಚ್ಚಿದ್ದವು. ಮುಂದೆ ಟ್ರನೆಕ್ಸಾಮಿಕ್ ಆಮ್ಲದ ಬಳಕೆ ಹರಡಿದಂತೆ ರಕ್ತಸ್ರಾವವೇ ತಗ್ಗಿತು. 1962ರಲ್ಲಿ ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಪ್ರಕಟಿಸಿದ ಔಷಧವಿದು. ಈಗ ಅನೇಕ ಶಸ್ತ್ರವೈದ್ಯರು ಮಂಡಿಗೆ ರೂಢಿಯಾಗಿ ನಳಿಕೆ ಇಡುವುದನ್ನು ಬಿಟ್ಟಿದ್ದಾರೆ.

ಹಾಗೆಂದು ನಳಿಕೆ ಕಂಡೊಡನೆ ತಪ್ಪೆಂದು ತಿಳಿಯಬೇಡಿ. ಕೀವಿನ ಕುರುವಿಗೆ ಅದು ಇಂದಿಗೂ ಬೇಕು. ಹೆಚ್ಚು ರಕ್ತ ಸ್ರವಿಸುವ ರೋಗಿಗೆ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಏಕೆ ಇಟ್ಟಿದ್ದೀರಿ, ಯಾವಾಗ ತೆಗೆಯುವಿರಿ ಎಂದು ಅವರನ್ನು ಕೇಳಲು ಸಂಕೋಚ ಬೇಡ. ತರಗತಿಯಲ್ಲಿ ಇದನ್ನು ಚರ್ಚಿಸುವ ಶಿಕ್ಷಕರು ಒಂದು ಮಾತು ಸೇರಿಸಬಹುದು: ತರ್ಕಕ್ಕೆ ಒಪ್ಪುವ ರೂಢಿಯೂ ಅಳತೆಗೆ ಒಳಗಾಗಬೇಕು. ಏಕೆಂದರೆ ಆ ಬುಡ್ಡಿಯಲ್ಲಿ ತುಂಬುವುದು ಅಜ್ಜಿಯ ರಕ್ತ.